ಎತ್ತರ ಬೇಡ, ಬಯಲು ಬೇಕು

ಉಪಗ್ರಹದ ದೂರದರ್ಶನ ಕರ್ನಾಟಕಕ್ಕೆ ಮೊದಲು ಬಂದದ್ದು ಪಟ್ಟಣಗಳ ಮಹಡಿ ಮನೆಗಳಿಗಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ 'ಸೈಟ್' ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಅದು ಮುಟ್ಟಿತು. ನಮ್ಮ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. ಆಗ ಬಳಸಿದ್ದು ಕೋಳಿಗೂಡಿನ ತಂತಿಬಲೆ ಹೊದಿಸಿದ, ಸುಮಾರು ಹತ್ತು ಅಡಿ ಅಗಲದ ತಟ್ಟೆ. ಇಂದು ಮನೆಮನೆಯ ಮೇಲೆ ಕಾಣುವ ತಟ್ಟೆ ಎರಡೇ ಅಡಿಯದು. ತಟ್ಟೆ ಕಿರಿದಾದಂತೆ ಅದನ್ನು ಕುರಿತ ನಮ್ಮ ಎಚ್ಚರವೂ ಕಿರಿದಾಯಿತೇನೋ ಎಂಬುದು ನನ್ನ ಅಳುಕು.

ಈ ಅಜಾಗರೂಕತೆಯ ಬೇರು ಒಂದು ಹಳೆಯ ರೂಢಿಯಲ್ಲಿದೆ. ಭೂಮಿಯ ಮೇಲಿನ ಗೋಪುರದಿಂದ ಚಿತ್ರಗಳು ಬರುತ್ತಿದ್ದ ಕಾಲದಲ್ಲಿ ಆಂಟೆನಾ ಎಷ್ಟು ಎತ್ತರವೋ ಚಿತ್ರ ಅಷ್ಟು ನಿಚ್ಚಳ. ಆದರೆ ಉಪಗ್ರಹವಿರುವುದು ಭೂಮಧ್ಯರೇಖೆಯ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ನಾವು ಇಪ್ಪತ್ತು ಅಡಿ ಮೇಲೇರಿದರೆ ಆ ದೂರದಲ್ಲಿ ಕಳೆಯುವುದೇನು? ತಟ್ಟೆಗೆ ಬೇಕಾದದ್ದು ಎತ್ತರವಲ್ಲ, ಉಪಗ್ರಹದತ್ತ ಅಡ್ಡಿಯಿಲ್ಲದ ಬಯಲು. ದೂರದರ್ಶನದ ಉಚಿತ ಸೇವೆಯ ಉಪಗ್ರಹ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಬೆಂಗಳೂರಿನಲ್ಲಿ ನಿಂತವನಿಗೆ ಅದು ಆಗ್ನೇಯ ದಿಕ್ಕಿನಲ್ಲಿ, ದಿಗಂತದಿಂದ ನೆತ್ತಿಯವರೆಗಿನ ಅಂತರದ ಹತ್ತಿರ ಹತ್ತಿರ ಮುಕ್ಕಾಲು ಪಾಲಿನಷ್ಟು ಮೇಲೆ. ಸೇವೆ ಬೇರೆಯಾದರೆ ದಿಕ್ಕೂ ಬದಲಾದೀತು. ಆ ಕಡೆಗೆ ತೆಂಗಿನ ಗರಿ, ನೆರೆಮನೆಯ ಗೋಡೆ ಅಡ್ಡ ಬಾರದಿದ್ದರೆ ಹಿತ್ತಲಿನಲ್ಲಿ ಕಾಂಕ್ರೀಟು ಹಾಕಿ ನಿಲ್ಲಿಸಿದ ಆಳೆತ್ತರದ ಕಬ್ಬಿಣದ ಕೊಳವೆಯೇ ಸಾಕು.

ಹಿತ್ತಲಿಲ್ಲದ ಮನೆಯಲ್ಲಿ ಮಾತ್ರ ಮೇಲೆ ನೋಡಬೇಕು. ಮಂಗಳೂರು ಹೆಂಚು ರೀಪಿನ ಮೇಲೆ ಕುಳಿತಿರುವುದು ತನ್ನ ಭಾರದಿಂದ. ತಟ್ಟೆಯ ಭಾರವನ್ನಾಗಲಿ, ಪಾಚಿಗಟ್ಟಿದ ಮಳೆಗಾಲದಲ್ಲಿ ಮನುಷ್ಯನ ಕಾಲನ್ನಾಗಲಿ ಹೊರಲು ಅಲ್ಲ. ಅಂಥ ಮನೆಗಳಲ್ಲಿ ಗಟ್ಟಿಯಾದ ಗೋಡೆಯೇ ಆಧಾರ. ತಾರಸಿಯಿದ್ದರೆ ತೆಳು ಇಟ್ಟಿಗೆಯ ಪ್ಯಾರಪೆಟ್ಟನ್ನು ನಂಬುವಂತಿಲ್ಲ. ಗಾಳಿಯ ವೇಗ ಇಮ್ಮಡಿಯಾದರೆ ಅದರ ನೂಕು ನಾಲ್ಮಡಿಯಾಗುತ್ತದೆ. ಗಂಟೆಗೆ 120 ಕಿಲೋಮೀಟರಿನ ಬಿರುಗಾಳಿ ಎರಡಡಿ ತಟ್ಟೆಯನ್ನು 20 ಕಿಲೋ ಭಾರಕ್ಕೂ ಮೀರಿದ ಬಲದಿಂದ ತಳ್ಳೀತು. ತಾರಸಿಯನ್ನು ಕಂಡಕಂಡಲ್ಲಿ ಕೊರೆದರೆ ನೀರಿಳಿದು ಒಳಗಿನ ಸರಳು ತುಕ್ಕು ಹಿಡಿಯುತ್ತದೆ.

ಇನ್ನು ವಿದ್ಯುತ್ ತಂತಿ. ನಾನು ಕೇಳುವ ಪ್ರಶ್ನೆ ಒಂದೇ: ಈ ಕಂಬ, ಅಥವಾ ಇದನ್ನು ನಿಲ್ಲಿಸಲು ತಂದ ಏಣಿ, ಯಾವ ಕಡೆಗೆ ಬಿದ್ದರೂ ತಂತಿಗೆ ತಾಗೀತೇ? ತಾಗೀತು ಎಂದಾದರೆ ಆ ಜಾಗ ಬೇಡ, ಅಷ್ಟೆ. ಸಿಡಿಲಿನ ವಿಷಯವೂ ಹೀಗೆಯೇ. ತಟ್ಟೆಯ ಕಂಬಕ್ಕೆ ಒಳ್ಳೆಯ ಅರ್ತಿಂಗ್ ಇರಲೇಬೇಕು; ಆದರೂ ನೇರ ಬಡಿದ ಸಿಡಿಲಿಗೆ ಅದೊಂದೇ ಪೂರ್ಣ ರಕ್ಷೆಯಲ್ಲ. ಏಪ್ರಿಲ್-ಮೇ ತಿಂಗಳ ಮೋಡ ಕವಿಯುವ ಮೊದಲೇ ಪ್ಲಗ್ಗನ್ನೂ ತಟ್ಟೆಯಿಂದ ಬಂದ ಕೇಬಲ್ಲನ್ನೂ ಬಿಡಿಸಿಡುವುದು ಜಾಣತನ. ಗುಡುಗು ಆರಂಭವಾದ ಮೇಲೆ ಅವುಗಳನ್ನು ಮುಟ್ಟಲು ಹೋಗಬಾರದು.

ಇದೆಲ್ಲ ತಟ್ಟೆ ಕೂರಿಸಲು ಬಂದವನು ನೋಡಿಕೊಳ್ಳಬೇಕಾದ ಸಂಗತಿಯಲ್ಲವೇ ಎಂದು ತಾವು ಕೇಳಬಹುದು. ಅವನೂ ನೋಡಬೇಕು, ನಿಜ. ಆದರೆ ಒಂದೇ ದಿನದಲ್ಲಿ ಹಲವು ಮನೆಗಳ ಮಾಡು ಹತ್ತಬೇಕಾದ ಹುಡುಗನಿಗೆ 'ಇಲ್ಲಿ ಆಗದು' ಎನ್ನುವುದು ಸುಲಭವಲ್ಲ. ಮನೆಯ ಯಜಮಾನನೇ ಅವಸರಪಡಿಸುತ್ತಿದ್ದರಂತೂ ಆ ಮಾತು ಅವನ ಬಾಯಿಂದ ಹೊರಡದು. ನಮ್ಮ ಗೋಡೆಯ ಬಿರುಕು, ಹೆಂಚಿನ ಪಾಚಿ, ಹತ್ತಿರ ಹಾದುಹೋದ ತಂತಿ ಅವನಿಗಿಂತ ಮೊದಲು ನಮಗೆ ಗೊತ್ತು. ಆದ್ದರಿಂದ 'ಬೇಡ, ಇಳಿದು ಬಾ' ಎನ್ನುವ ಹೊಣೆ ನಮ್ಮದು. ನಮ್ಮ ಮನೆಗೆ ಚಿತ್ರ ನಾಲ್ಕು ದಿನ ತಡವಾಗಿ ಬಂದರೆ ಕೊರತೆಯೇನಿಲ್ಲ. ಏಣಿ ಹತ್ತಿದವನು ಸಂಜೆ ತನ್ನ ಮನೆಗೆ ಹೊತ್ತಿಗೆ ಸರಿಯಾಗಿ ತಲುಪಬೇಕು.