ಮೊಬೈಲಿನಲ್ಲಿ ಜಾಹೀರಾತು: ಮೊದಲು ಲೆಕ್ಕ, ಆಮೇಲೆ ಫೋಟೋ

(ಹೊಸಪೇಟೆಯಲ್ಲಿ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ತಾವೆಲ್ಲರೂ ಬೆಳಗಿನ ಹಾಲು ಹಾಕಿ, ದನಗಳಿಗೆ ಮೇವು ನೀಡಿ ಇಲ್ಲಿಗೆ ಬಂದಿದ್ದೀರಿ. ಸಂಜೆ ಹಿಂಡುವ ಹೊತ್ತಿಗೆ ಮನೆ ಸೇರಬೇಕು. ಆದುದರಿಂದ ಸುತ್ತು ಬಳಸಿ ಮಾತನಾಡುವುದಿಲ್ಲ.

ಈಚೆಗೆ ಯಾವ ಸಂಘಕ್ಕೆ ಹೋದರೂ ಒಂದು ಮಾತು ಕೇಳಿಬರುತ್ತದೆ. ಓದಿದ ಮಗ ಮೊಬೈಲು ಹಿಡಿದುಕೊಂಡು ಬಂದು, "ಅಪ್ಪಾ, ಡೇರಿಗೆ ಹಾಲು ಯಾಕೆ ಹಾಕಬೇಕು? ತುಪ್ಪ ಕಾಸಿ ಫೇಸ್‌ಬುಕ್ಕಿನಲ್ಲಿ ಮಾರೋಣ. ನೋಡು, ಇಲ್ಲಿ ಯಾರೋ ಕಿಲೋ ತುಪ್ಪಕ್ಕೆ ಎರಡು ಸಾವಿರ ರೂಪಾಯಿ ಹಾಕಿದ್ದಾರೆ" ಎನ್ನುತ್ತಾನೆ. ಮಗನ ಮಾತನ್ನು ತಳ್ಳಿಹಾಕುವಂತಿಲ್ಲ, ಹಾಗೆಂದು ಕಣ್ಣು ಮುಚ್ಚಿ ಒಪ್ಪುವಂತೆಯೂ ಇಲ್ಲ. ಎರಡು ಸಾವಿರ ರೂಪಾಯಿ ಎಂಬುದು ಅಲ್ಲಿ ಬರೆದಿರುವ ದರ. ಆ ದರಕ್ಕೆ ಎಷ್ಟು ಕಿಲೋ ಮಾರಾಟವಾಯಿತು ಎಂಬುದನ್ನು ಯಾರೂ ಬರೆದಿರುವುದಿಲ್ಲ.

ಮೊದಲು ಲೆಕ್ಕ ಮಾಡೋಣ. ಶೇಕಡಾ 4 ಜಿಡ್ಡಿನ ಆಕಳ ಹಾಲಾದರೆ, ಮನೆಯಲ್ಲಿ ಕೆನೆ ತೆಗೆದು, ಕಡೆದು, ಕಾಸುವಾಗ ಆಗುವ ನಷ್ಟವನ್ನೂ ಸೇರಿಸಿ, ಒಂದು ಕಿಲೋ ತುಪ್ಪಕ್ಕೆ ಸುಮಾರು 27 ಲೀಟರು ಹಾಲು ಬೇಕು. ಶೇಕಡಾ ಆರೂವರೆ ಜಿಡ್ಡಿನ ಎಮ್ಮೆ ಹಾಲಾದರೆ ಸುಮಾರು 17 ಲೀಟರು. ಆಕಳ ಹಾಲಿಗೆ ಸಂಘದಲ್ಲಿ ಲೀಟರಿಗೆ 35 ರೂಪಾಯಿ ಸಿಗುತ್ತದೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ತಾವು ತಮ್ಮ ಪಾಸ್ ಪುಸ್ತಕದ ದರವನ್ನೇ ಹಾಕಿಕೊಳ್ಳಬಹುದು. ಅದರ ಮೇಲೆ ಸರ್ಕಾರದ ಪ್ರೋತ್ಸಾಹಧನ 5 ರೂಪಾಯಿ. ಸಂಘಕ್ಕೆ ಹಾಕದೆ ಮನೆಯಲ್ಲಿ ಉಳಿಸಿಕೊಂಡ ಹಾಲಿಗೆ ಈ ಐದು ರೂಪಾಯಿ ಬರುವುದಿಲ್ಲ ಎಂಬುದನ್ನು ಬಹಳ ಮಂದಿ ಮರೆತೇಬಿಡುತ್ತಾರೆ. ಒಟ್ಟು 40 ರೂಪಾಯಿಯಂತೆ 27 ಲೀಟರಿಗೆ 1,080 ರೂಪಾಯಿ ಆಯಿತು. ಸೌದೆ ಅಥವಾ ಗ್ಯಾಸು, ಬಾಟಲಿ, ಪಾರ್ಸೆಲ್ಲು ಸೇರಿ 120 ರೂಪಾಯಿ ಎಂದರೆ 1,200. ಮನೆಯವರ ದುಡಿಮೆಗೆ ಇನ್ನೂ ಒಂದು ಪೈಸೆ ಹಿಡಿದಿಲ್ಲ. ಈಗ ಹೇಳಿ, ಪಕ್ಕದ ಊರಿನವರು 800 ರೂಪಾಯಿಗೆ ಕೇಳಿದರೆ ಕೊಡುತ್ತೀರಾ? ಮಜ್ಜಿಗೆ, ಮೊಸರು ಒಳ್ಳೆಯ ಬೆಲೆಗೆ ಹೋದರೆ ಮಾತ್ರ ಈ ಲೆಕ್ಕ ಕೂಡುತ್ತದೆ. ಅವು ಚರಂಡಿ ಪಾಲಾದರೆ ತುಪ್ಪ ಮಾರಿದಷ್ಟೂ ನಷ್ಟ.

ಇನ್ನು ಜಾಹೀರಾತಿನ ಖರ್ಚು. ಫೇಸ್‌ಬುಕ್ಕು, ಇನ್‌ಸ್ಟಾಗ್ರಾಂಗಳಲ್ಲಿ ತಮ್ಮ ಪುಟದಲ್ಲಿ ಒಂದು ಚಿತ್ರ ಹಾಕುವುದಕ್ಕೆ ಹಣ ಕೊಡಬೇಕಾಗಿಲ್ಲ. ಆದರೆ ಅದು ತಮ್ಮ ಬಂಧುಗಳಿಗೂ ಗೆಳೆಯರಿಗೂ ಕಂಡು ಅಲ್ಲಿಗೇ ನಿಲ್ಲುತ್ತದೆ. ಪರಿಚಯವಿಲ್ಲದವರಿಗೆ ಕಾಣಬೇಕಾದರೆ ಹಣ ಕಟ್ಟಬೇಕು. ಇದು ಸಂತೆಯ ಹರಾಜಿನಂತೆ. ಅದೇ ಜನರಿಗೆ ತಮ್ಮ ವಸ್ತುವನ್ನು ತೋರಿಸಲು ಇನ್ನೂ ನೂರಾರು ಮಂದಿ ಕೂಗುತ್ತಿರುತ್ತಾರೆ, ಅವರ ನಡುವೆ ತಮ್ಮ ಹಣಕ್ಕೆ ತಕ್ಕಷ್ಟು ಜನರಿಗೆ ಜಾಹೀರಾತು ಕಾಣಿಸುತ್ತದೆ. ದಿನಕ್ಕೆ ಎಷ್ಟು, ಎಷ್ಟು ದಿನ, ಯಾವ ಊರಿನ ಸುತ್ತ ಎಷ್ಟು ಕಿಲೋಮೀಟರ್ ಎಂಬುದನ್ನು ತಾವೇ ನಿಗದಿ ಮಾಡಬಹುದು. ಈ ಊರಿನ ಗೆರೆ ಎಳೆಯುವುದೇ ಮುಖ್ಯ ಕೆಲಸ. ಕಂಪ್ಲಿಯ ಕೊಟ್ಟಿಗೆ ಗೊಬ್ಬರದ ಜಾಹೀರಾತನ್ನು ಬೆಳಗಾವಿಯವರು ನೋಡಿ ಹೆಬ್ಬೆರಳು ಒತ್ತಿದರೆ ತಮಗೆ ಸಂತೋಷವಾಗಬಹುದು, ಗಾಡಿಯಂತೂ ಅಲ್ಲಿಗೆ ಹೋಗುವುದಿಲ್ಲ.

ದಿನಕ್ಕೆ 200 ರೂಪಾಯಿಯಂತೆ ಐದು ದಿನ ಹಾಕಿದಿರಿ ಎನ್ನೋಣ. 1,000 ರೂಪಾಯಿ, ಅದರ ಮೇಲೆ ಶೇಕಡಾ 18 ಜಿ.ಎಸ್.ಟಿ., ಒಟ್ಟು 1,180. ನಲವತ್ತು ಮಂದಿ ವಿಚಾರಿಸಿದರು, ಆರು ಮಂದಿ ಕಿಲೋ ಕಿಲೋ ತುಪ್ಪ ಕೊಂಡರು ಎಂದು ಭಾವಿಸಿ. ಒಬ್ಬ ಗಿರಾಕಿಯನ್ನು ತರಲು ಹತ್ತಿರ ಹತ್ತಿರ 197 ರೂಪಾಯಿ ಬಿತ್ತು. ಮೊದಲಿನ 1,200ಕ್ಕೆ ಇದನ್ನೂ ಸೇರಿಸಿರಿ. ಅದೇ ಆರು ಮಂದಿ ಮುಂದಿನ ತಿಂಗಳು ತಾವಾಗಿಯೇ ಫೋನು ಮಾಡಿದರೆ ಆ ಖರ್ಚು ಸಾರ್ಥಕ. ಪ್ರತಿ ಸಲವೂ ಹೊಸ ಗಿರಾಕಿಯನ್ನೇ ಹಣ ಕೊಟ್ಟು ಕರೆಯಬೇಕಾದರೆ ತಾವು ದುಡಿಯುತ್ತಿರುವುದು ಜಾಹೀರಾತಿನ ಕಂಪನಿಗೆ. ಆದುದರಿಂದ ಎಷ್ಟು ಮಂದಿ ನೋಡಿದರು ಎಂಬ ಅಂಕಿಯನ್ನು ಬಿಟ್ಟು, ಎಷ್ಟು ಮಂದಿ ಎರಡನೆಯ ಸಲ ಕೊಂಡರು ಎಂಬುದನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ.

ಕಾನೂನಿನ ವಿಷಯವೂ ಇದೆ. ಸಹಕಾರ ಸಂಘದ ಸದಸ್ಯನಾಗಿ ತನ್ನ ಹಾಲನ್ನೆಲ್ಲ ಸಂಘಕ್ಕೇ ಹಾಕುವ ಉತ್ಪಾದಕನಿಗೆ ಆಹಾರ ಸುರಕ್ಷತಾ ಕಾಯಿದೆಯ 2011ರ ನಿಯಮಗಳಲ್ಲಿ ನೋಂದಣಿಯಿಂದ ವಿನಾಯಿತಿ ಕೊಟ್ಟಿದ್ದಾರೆ. ಮನೆಯಲ್ಲಿ ತುಪ್ಪ, ಕೋವಾ ಮಾಡಿ ಹೊರಗೆ ಮಾರಲು ಹೊರಟ ಕೂಡಲೇ ಆ ವಿನಾಯಿತಿ ತಮಗಿಲ್ಲ. ಸಣ್ಣ ತಯಾರಕರೂ ಎಫ್.ಎಸ್.ಎಸ್.ಎ.ಐ. ನೋಂದಣಿ ಮಾಡಿಸಿ, ಆ ಸಂಖ್ಯೆಯನ್ನು ಬಾಟಲಿಯ ಚೀಟಿಯ ಮೇಲೆ ಹಾಕಬೇಕು. ತುಪ್ಪದಿಂದ ಮಂಡಿನೋವು ಹೋಗುತ್ತದೆ, ಸಕ್ಕರೆ ಕಾಯಿಲೆ ಇಳಿಯುತ್ತದೆ ಎಂದು ಬರೆಯಬೇಡಿ. "ಎ2" ಎಂಬ ಎರಡಕ್ಷರ ಬರೆದು ದರ ಮೂರು ಪಟ್ಟು ಮಾಡುವವರನ್ನು ನೋಡಿದ್ದೀರಿ. 2024ರ ಆಗಸ್ಟಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಈ ಎ1, ಎ2 ಮಾತುಗಳನ್ನು ತೆಗೆದುಹಾಕಬೇಕೆಂದು ಆದೇಶಿಸಿತು, ಕೆಲವೇ ದಿನಗಳಲ್ಲಿ ಆ ಆದೇಶವನ್ನು ಹಿಂದಕ್ಕೂ ಪಡೆಯಿತು. ದೊಡ್ಡ ಕಂಪನಿಗಳು ಇಂಥ ಏರಿಳಿತವನ್ನು ತಾಳಿಕೊಳ್ಳುತ್ತವೆ. ನಾಲ್ಕು ಆಕಳ ಒಡೆಯನಿಗೆ ಅದು ಕಷ್ಟ.

ಹಾಗಾದರೆ ಈ ಮೊಬೈಲು ಜಾಹೀರಾತು ನಮಗೆ ಬೇಡವೇ ಎಂದು ಕೇಳುತ್ತೀರಿ. ಖಂಡಿತ ಬೇಕು. ನಮ್ಮದೇ ನಂದಿನಿಯ ಕಥೆ ನೋಡಿ. ಡಾ. ರಾಜ್‌ಕುಮಾರ್ ಅವರೂ, ಅನಂತರ ಪುನೀತ್ ರಾಜ್‌ಕುಮಾರ್ ಅವರೂ ರೈತರ ಸಂಸ್ಥೆಯೆಂದು ಸಂಭಾವನೆ ಪಡೆಯದೆ ನಂದಿನಿಯ ಪ್ರಚಾರಕ್ಕೆ ಬಂದರು. 2023ರ ಏಪ್ರಿಲ್‌ನಲ್ಲಿ ಗುಜರಾತಿನ ಅಮುಲ್ ಸಂಸ್ಥೆಯು ಬೆಂಗಳೂರಿಗೆ ತಾಜಾ ಹಾಲು, ಮೊಸರು ತರುವುದಾಗಿ ಟ್ವಿಟರ್‌ನಲ್ಲಿ ಪ್ರಕಟಿಸಿದಾಗ, ನಂದಿನಿ ಉಳಿಸಿ ಎಂಬ ಕೂಗು ಮೊಬೈಲಿನಿಂದ ಮೊಬೈಲಿಗೆ ಹಬ್ಬಿತು. ಬೆಂಗಳೂರಿನ ಹೋಟೆಲು ಮಾಲೀಕರ ಸಂಘವು ನಂದಿನಿಯನ್ನೇ ಬಳಸುವುದಾಗಿ ಹೇಳಿತು. ಜನರ ಆ ಕೂಗು ಹಣ ಕಟ್ಟಿ ಹಾಕಿಸಿದ ಜಾಹೀರಾತಲ್ಲ. ಎಷ್ಟೋ ವರ್ಷ ದಿನ ಬೆಳಗಾದರೆ ಬಾಗಿಲಿಗೆ ಬಂದ ಹಾಲಿನ ಪ್ಯಾಕೆಟ್ಟಿನ ಗಳಿಕೆ ಅದು. 2024ರ ಟಿ-20 ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ತಂಡಗಳಿಗೆ ಮಹಾಮಂಡಳವು ಪ್ರಾಯೋಜಕತ್ವ ನೀಡಿ ಹೆಸರನ್ನು ಕಡಲಾಚೆಗೂ ಕೊಂಡೊಯ್ದಿತು. ಈ ಹೆಸರಿನಲ್ಲಿ ತಮ್ಮ ಪ್ರತಿಯೊಬ್ಬರ ಪಾಲಿದೆ. ಹಾಗೆಂದು ಮನೆಯ ತುಪ್ಪದ ಬಾಟಲಿಗೆ ಆ ಹೆಸರು ಅಂಟಿಸುವಂತಿಲ್ಲ. 2025ರ ನವೆಂಬರ್‌ನಲ್ಲಿ ನಂದಿನಿ ಹೆಸರಿನ ಕಲಬೆರಕೆ ತುಪ್ಪದ ಜಾಲವನ್ನು ಬೆಂಗಳೂರು ಪೊಲೀಸರು ಹಿಡಿದ ಮೇಲೆ ಗಿರಾಕಿಗಳೂ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾರೆ.

ನನ್ನ ಅಭಿಪ್ರಾಯದಲ್ಲಿ ಹಾಲನ್ನು ಸಂಘಕ್ಕೇ ಹಾಕಿ, ಹಾಲಿನ ಅಕ್ಕಪಕ್ಕದ ವಸ್ತುಗಳನ್ನು ಮೊಬೈಲಿನಲ್ಲಿ ಮಾರುವುದು ನಮ್ಮ ಭಾಗಕ್ಕೆ ಹೆಚ್ಚು ಹೊಂದುತ್ತದೆ. ಕಂಪ್ಲಿ ಕಡೆ ಭತ್ತದ ಗದ್ದೆಗಳಿಗೆ ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ ಬೇಕು. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ವಸಾಹತುಗಳಲ್ಲಿ ಕೈತೋಟ ಇಟ್ಟುಕೊಂಡ ಕುಟುಂಬಗಳಿವೆ, ಅವರಿಗೆ ಐದು ಕಿಲೋ ಚೀಲದ ಗೊಬ್ಬರವೇ ಸಾಕು. ಇಂಥದಕ್ಕೆ ಹಣದ ಜಾಹೀರಾತು ಬೇಕಾಗಿಯೂ ಇಲ್ಲ. ವಾಟ್ಸಾಪ್ ಬಿಸಿನೆಸ್ ಎಂಬ ಆ್ಯಪು ಉಚಿತ. ವಸ್ತುವಿನ ಚಿತ್ರ, ತೂಕ, ದರವನ್ನು ಅದರಲ್ಲಿ ಪಟ್ಟಿ ಮಾಡಿಟ್ಟರೆ ಕೇಳಿದವರಿಗೆಲ್ಲ ಒಂದೇ ಉತ್ತರ ಹೋಗುತ್ತದೆ. ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಹೆಸರು, ಜಾಗ, ತೆರೆಯುವ ವೇಳೆ ಸೇರಿಸುವುದೂ ಉಚಿತ. ಹಂಪಿಗೆ ಬರುವ ಪ್ರವಾಸಿ ದಾರಿ ಹುಡುಕುವುದು ಅದರಲ್ಲೇ. ಕಮಲಾಪುರದ ದಾರಿಯಲ್ಲಿ ಮಜ್ಜಿಗೆ, ಲಸ್ಸಿ ಇಟ್ಟವನ ಹೆಸರು ಅಲ್ಲಿ ಕಂಡರೆ ಗಾಡಿ ನಿಲ್ಲುತ್ತದೆ.

ಸಂಡೂರಿನ ಲಂಬಾಣಿ ಕಸೂತಿಯನ್ನು ಗಮನಿಸಿ. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರ 1,755 ಕಸೂತಿಗಳನ್ನು ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು. ಆ ಚಿತ್ರಗಳು ಲೋಕವನ್ನೇ ಸುತ್ತಿದವು. ಒಬ್ಬೊಬ್ಬರೇ ಚಿತ್ರ ಹಾಕಿದ್ದರೆ ಯಾರು ನೋಡುತ್ತಿದ್ದರು? ನಮ್ಮ ಮಹಿಳಾ ಸಂಘಗಳವರು ಹತ್ತು ಮನೆಯ ಎರೆಗೊಬ್ಬರವನ್ನು ಒಂದೇ ಹೆಸರಿನಲ್ಲಿ, ಒಂದೇ ತೂಕದಲ್ಲಿ ಮಾರಿದರೆ ಒಂದು ಜಾಹೀರಾತಿನ ಖರ್ಚು ಹತ್ತು ಪಾಲಾಗುತ್ತದೆ.

ಹಂಪಿ ಸುತ್ತಿನವರಿಗೆ ಇನ್ನೊಂದು ಮಾತು. ಮನೆಯಲ್ಲಿ ಎರಡು ಕೋಣೆ ಇದ್ದವರು ಅತಿಥಿಗಳನ್ನು ಇರಿಸಿಕೊಳ್ಳಲು ಆಸೆಪಡುತ್ತಾರೆ, ತಪ್ಪೇನಿಲ್ಲ. ಆದರೆ ಮೊದಲು ಪಂಚಾಯಿತಿ ಮತ್ತು ಹಂಪಿ ವಿಶ್ವ ಪರಂಪರಾ ಪ್ರದೇಶ ನಿರ್ವಹಣಾ ಪ್ರಾಧಿಕಾರದಲ್ಲಿ ವಿಚಾರಿಸಿ. ನದಿಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳ ಹೆಸರು ಅಂತರ್ಜಾಲದಲ್ಲಿ ವಿದೇಶಗಳವರೆಗೂ ಹೋಗಿತ್ತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು, ಮಾರ್ಚಿನಲ್ಲಿ ಜೆ.ಸಿ.ಬಿ. ಬಂತು.

ಕೊನೆಯದಾಗಿ ಮೋಸದ ಜಾಹೀರಾತುಗಳು. ಇದರಲ್ಲಿ ತಾವು ಮಾರುವವರಲ್ಲ, ಕೊಳ್ಳುವವರು. ದಿನಕ್ಕೆ ಹದಿನೆಂಟು ಲೀಟರು ಕೊಡುವ ಎಮ್ಮೆ, ಸಂತೆಯ ಅರ್ಧ ಬೆಲೆಗೆ ಎಂದು ಚಿತ್ರ ಬರುತ್ತದೆ. ಗಾಡಿ ಬಾಡಿಗೆಗೆಂದು ಮುಂಗಡ ಕೇಳುತ್ತಾರೆ. ಆಮೇಲೆ ಚೆಕ್‌ಪೋಸ್ಟಿನಲ್ಲಿ ಗಾಡಿ ಹಿಡಿದಿದ್ದಾರೆಂದು ಮತ್ತೆ ಕೇಳುತ್ತಾರೆ. ಆಮೇಲೆ ಫೋನು ಸ್ವಿಚ್ ಆಫ್. ಫೇಸ್‌ಬುಕ್ಕಿನ ಮಾರುಕಟ್ಟೆಯಲ್ಲಿ ಜೀವಂತ ಪ್ರಾಣಿಗಳನ್ನು ಮಾರಬಾರದೆಂದು ಅವರ ನಿಯಮವೇ ಇದೆ. ಯಾರಾದರೂ ಎಮ್ಮೆ ತೋರಿಸಿದರೆ ವಿಡಿಯೋ ಕರೆಯಲ್ಲಿ ಕಿವಿಯೋಲೆಯ 12 ಅಂಕಿಗಳನ್ನು ಓದಿಸಿ, ಎಷ್ಟನೇ ಸೂಲು, ಕರು ಹಾಕಿ ಎಷ್ಟು ದಿನವಾಯಿತು ಎಂದು ಕೇಳಿ. ಎರಡು ಹೊತ್ತು ಎದುರಿಗೆ ನಿಂತು ಹಿಂಡಿಸಿ ನೋಡುವ ತನಕ ಒಂದು ರೂಪಾಯಿಯನ್ನೂ ಕಳಿಸಬೇಡಿ. ಹಾಗೆಯೇ ಹಾಲಿನ ಪಾರ್ಲರ್ ಕೊಡಿಸುತ್ತೇವೆಂಬ ಜಾಲತಾಣಗಳು. ಅಮುಲ್ ಹೆಸರಿನಲ್ಲಿ ಇಂಥ ನಕಲಿ ತಾಣಗಳು ಹುಟ್ಟಿಕೊಂಡು, 2020ರಲ್ಲಿ ಆ ಸಂಸ್ಥೆ ದೆಹಲಿ ಹೈಕೋರ್ಟಿಗೇ ಹೋಗಬೇಕಾಯಿತು. ನಂದಿನಿ ಪಾರ್ಲರ್ ಬೇಕಾದವರು ಒಕ್ಕೂಟದ ಕಚೇರಿಗೆ ಬಂದು ಕೇಳಿ.

ತಮ್ಮ ತುಪ್ಪವನ್ನೋ ಗೊಬ್ಬರವನ್ನೋ ಕೊಳ್ಳುತ್ತೇನೆಂದು ಹೇಳಿ, "ಹಣ ಹಾಕುತ್ತೇನೆ, ಈ ಚೌಕ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಎನ್ನುವವನು ಕಳ್ಳ. ಹಣ ಪಡೆಯುವುದಕ್ಕೆ ಪಿನ್ ಬೇಕಾಗುವುದಿಲ್ಲ, ಕೊಡುವುದಕ್ಕೆ ಮಾತ್ರ ಬೇಕು. ಹಣ ಹೋದದ್ದು ಗೊತ್ತಾದ ಕೂಡಲೇ, ನಾಚಿಕೆಪಟ್ಟುಕೊಂಡು ಕೂರದೆ, 1930ಕ್ಕೆ ಫೋನು ಮಾಡಿ. ಬೇಗ ತಿಳಿಸಿದರೆ ಹಣ ಇನ್ನೊಂದು ಖಾತೆಗೆ ದಾಟುವ ಮೊದಲೇ ತಡೆಹಿಡಿಯುವ ಸಾಧ್ಯತೆ ಇರುತ್ತದೆ.

ಚಹಾ ಆದ ಮೇಲೆ, ಗೂಗಲ್ ಮ್ಯಾಪಿನಲ್ಲಿ ಹೆಸರು ಸೇರಿಸುವುದನ್ನು ಕಲಿಯಬೇಕೆನ್ನುವವರು ಮೊಬೈಲು ತೆಗೆದುಕೊಂಡು ಮುಂದಿನ ಸಾಲಿಗೆ ಬನ್ನಿ. ಲೆಕ್ಕ ಮಾಡಬೇಕೆನ್ನುವವರು ಪಾಸ್ ಪುಸ್ತಕವನ್ನೂ ತನ್ನಿ.