ಖಾಲಿ ಬಿದ್ದ ಸಾಲು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಂಘಟಕರು ನನಗೆ ಕೊಟ್ಟ ವಿಷಯ ‘ಕಂಪ್ಯೂಟರ್ ಮತ್ತು ಗ್ರಾಮೀಣ ವಿದ್ಯಾರ್ಥಿ’. ಅಷ್ಟು ದೊಡ್ಡ ವಿಷಯದ ಮೇಲೆ ಮಾತಾಡಲು ನನಗಿಂತ ಬಲ್ಲವರು ಇಲ್ಲಿದ್ದಾರೆ. ನಾನು ಒಂದೇ ಒಂದು ಹಳೆಯ ಕಂಪ್ಯೂಟರಿನ, ಅದರ ಪರದೆಯ ಮೇಲಿನ ಒಂದೇ ಒಂದು ಸಾಲಿನ ಸುದ್ದಿ ಹೇಳುತ್ತೇನೆ. ಹತ್ತನೆಯ ತರಗತಿಯವರು ಸ್ವಲ್ಪ ಲಕ್ಷ್ಯ ಕೊಟ್ಟು ಕೇಳಿರಿ, ನಿಮ್ಮ ಕೈಗೆ ಬರುವ ಕೆಲಸ ಇದು.

ನಮ್ಮ ಭಾಗದ ಒಂದು ಪ್ರೌಢಶಾಲೆ. ನಮ್ಮ ಶಾಲೆ ಅಲ್ಲ, ಹೆಸರು ಬೇಡ. ಅಲ್ಲಿಯ ಕನ್ನಡ ಮಾಸ್ತರರೊಬ್ಬರು ಮಕ್ಕಳನ್ನು ಕರೆದುಕೊಂಡು ಓಣಿ ಓಣಿ ತಿರುಗಿ ಮುದುಕಿಯರ ಬೀಸುವ ಹಾಡು, ಸೋಬಾನೆ ಹಾಡು, ಪಾರಿಜಾತ ಕುಣಿದ ಹಿರಿಯರ ಪದಗಳನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡಿದ್ದರು. ಪಾರಿಜಾತ ನಮಗೆ ಹೊರಗಿನದಲ್ಲ. ಅಪರಾಳ ತಮ್ಮಣ್ಣನ ಕೃತಿಯನ್ನು ಆಟಕ್ಕೆ ಒಗ್ಗಿಸಿ ಬೆಳೆಸಿದವನು ನಮ್ಮ ನೆರೆಯ ಕುಲಗೋಡದ ತಮ್ಮಣ್ಣ. ಅದೇ ಆಟದಿಂದ ಈ ಊರಿನ ಹೆಸರನ್ನು ನಾಡಿಗೆಲ್ಲ ಮುಟ್ಟಿಸಿದವಳು ಕೌಜಲಗಿ ನಿಂಗಮ್ಮ. ಇವತ್ತಿಗೂ ನಾನು ಕೌಜಲಗಿಯವ ಅಂದರೆ ದೂರದ ಊರಿನಲ್ಲಿಯೂ ವಯಸ್ಸಾದವರು ‘ನಿಂಗಮ್ಮನ ಕೌಜಲಗಿ ಏನ್ರಿ?’ ಎಂದು ಕೇಳುತ್ತಾರೆ. ಮಾಸ್ತರರು ಹಾಗೆ ಕೂಡಿಸಿದ್ದು ನಾಲ್ಕು ವರ್ಷದ ಕೆಲಸ. ಹಾಡಿದವರಲ್ಲಿ ಐದಾರು ಮಂದಿ ಆಗಲೇ ತೀರಿಕೊಂಡಿದ್ದರು. ಎಲ್ಲವೂ ಇದ್ದದ್ದು ಶಾಲೆಯ ಪ್ರಯೋಗಾಲಯದ ಒಂದು ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ. ಎರಡನೆಯ ಪ್ರತಿ ಇರಲಿಲ್ಲ.

ಮಾಸ್ತರರು ಅಜ್ಞಾನಿಗಳಲ್ಲ. ವಿಷಯ ಶಿಕ್ಷಕರ ವೇದಿಕೆಯ ತರಬೇತಿಯಲ್ಲಿ ಉಬುಂಟು ಕಲಿತವರು. ಗಡಿಯಾಚೆ ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳೂ ಕಂಪ್ಯೂಟರ್ ಕಲಿಯುವುದು ಇಂಥ ಗ್ನೂ-ಲಿನಕ್ಸ್ ಮೇಲೆಯೇ. ಯಂತ್ರ ಹಳೆಯದಾಯಿತೆಂದು ಇವರು ಅದಕ್ಕೆ ಹಗುರವಾದ ಡೆಬಿಯನ್ ಹಾಕಿ, ಪರದೆಯ ಬಲಬದಿಗೆ ಕಾಂಕಿ ಎಂಬ ತಂತ್ರಾಂಶ ಕೂರಿಸಿದ್ದರು. ಕಾಂಕಿಯ ಕೆಲಸ ಕಾವಲುಗಾರನದು. ಪ್ರೊಸೆಸರ್ ಎಷ್ಟು ದುಡಿಯುತ್ತಿದೆ, ಮೆಮೊರಿ ಎಷ್ಟು ತುಂಬಿದೆ, ಡಿಸ್ಕಿನಲ್ಲಿ ಜಾಗ ಎಷ್ಟಿದೆ ಎಂದು ಸದಾ ಬರೆದು ತೋರಿಸುತ್ತದೆ. ಟಾರ್ಸ್ಮೊ ಎಂಬ ಹಳೆಯ ತಂತ್ರಾಂಶದಿಂದ ಕವಲೊಡೆದು ಬಂದದ್ದು. ಹೆಸರು ಮಾತ್ರ ಕೆನಡಾದ ಒಂದು ಟಿವಿ ಧಾರಾವಾಹಿಯ ಗೊಂಬೆಯದು. ಅದಕ್ಕೆ ತಾನಾಗಿ ಗೊತ್ತಿಲ್ಲದ ಸಂಗತಿ ಬೇಕಾದರೆ ‘ಎಕ್ಸೆಕ್’ ಎಂದು ಬರೆದು ಮುಂದೆ ಯಾವುದಾದರೂ ಆಜ್ಞೆ ಕೊಡಬಹುದು. ಕಾಂಕಿ ಆ ಆಜ್ಞೆಯನ್ನು ನಡೆಸಿ, ಬಂದ ಉತ್ತರವನ್ನು ಪರದೆಗೆ ಹಾಕುತ್ತದೆ.

ಮಾಸ್ತರರು ಬರೆದ ಆಜ್ಞೆ ಡಿಸ್ಕಿನ ಆರೋಗ್ಯ ಕೇಳುವಂಥದು. ಹಾರ್ಡ್ ಡಿಸ್ಕುಗಳು ತಮ್ಮ ನಾಡಿ ತಾವೇ ನೋಡಿಕೊಂಡು ಲೆಕ್ಕ ಇಡುತ್ತವೆ. ಆ ಪದ್ಧತಿಗೆ ಸ್ಮಾರ್ಟ್ ಎನ್ನುತ್ತಾರೆ. ಲೆಕ್ಕವನ್ನು ಓದುವ ಆಜ್ಞೆ ಸ್ಮಾರ್ಟ್‌ಸಿಟಿಎಲ್. ಅದು ಉದ್ದುದ್ದ ಬರೆಯುತ್ತದೆಂದು, ಫಲಿತಾಂಶದ ಸಾಲೊಂದನ್ನೇ ಆರಿಸಲು ಮುಂದೆ ‘ಗ್ರೆಪ್’ ಎಂಬ ಜರಡಿ ಹಚ್ಚಿದ್ದರು. ಮೊದಲಲ್ಲಿ ‘ಸುಡೊ’ ಇತ್ತು, ಅಂದರೆ ಯಜಮಾನನ ಅಧಿಕಾರದಿಂದ ನಡೆಸು ಎಂದು.

ಒಂದು ದಿನ ನನಗೆ ಫೋನ್ ಬಂತು. ‘ಅಣ್ಣಾರ, ಕೈಲೆ ಚಾಲೂ ಮಾಡಿದ್ರ ಬರ್ತೈತ್ರಿ. ಮುಂಜಾನೆ ಮಷೀನ್ ಹಚ್ಚಿದ್ರ ಆ ಒಂದ ಸಾಲು ಖಾಲಿ ಇರ್ತೈತ್ರಿ. ಉಳಿದದ್ದೆಲ್ಲಾ ಛಲೋ ಬರ್ತೈತಿ.’

‘ಎಷ್ಟ ದಿನಾತ್ರಿ ಹಿಂಗ?’ ಎಂದೆ.

‘ದೀಪಾವಳಿಯಿಂದ ಐತ್ರಿ. ಏನೂ ತೋರಸವಲ್ದು ಅಂದ್ರ ಏನೂ ಆಗಿಲ್ಲ ಅಂತ ಬಿಟ್ಟಿದ್ನಿರಿ.’

ಅದು ಶಿವರಾತ್ರಿ ಮುಗಿದ ವಾರ. ನಾನು ಮುಂದಿನ ಭಾನುವಾರವೇ ಬರುತ್ತೇನೆ ಎಂದೆ. ಅವರಿಗೆ ಆಶ್ಚರ್ಯವಾಯಿತು, ಒಂದು ಸಾಲಿಗಾಗಿ ಇಷ್ಟು ದೂರ ಯಾಕೆ ಎಂದು.

ಈಗ ಮಕ್ಕಳಿಗೆ ಒಂದು ಮಾತು ತಿಳಿಸಬೇಕು. ಲಿನಕ್ಸಿನಲ್ಲಿ ನಡೆಯುವ ಪ್ರತಿಯೊಂದು ಆಜ್ಞೆಗೆ ಒಂದು ಒಳಬಾಗಿಲು, ಎರಡು ಹೊರಬಾಗಿಲು. ಒಳಬಾಗಿಲಿನ ಸಂಖ್ಯೆ 0. ಉತ್ತರ ಹೊರಬೀಳುವ ಮುಂಬಾಗಿಲು 1. ದೂರು, ತಕರಾರು ಹೊರಬೀಳುವ ಹಿತ್ತಲ ಬಾಗಿಲು 2. ನೀವು ಟರ್ಮಿನಲ್ಲಿನಲ್ಲಿ ಆಜ್ಞೆ ಕೊಟ್ಟಾಗ ಎರಡೂ ಬಾಗಿಲು ಒಂದೇ ಅಂಗಳಕ್ಕೆ ತೆರೆದಿರುತ್ತವೆ, ಹೀಗಾಗಿ ಉತ್ತರವೂ ಕಾಣುತ್ತದೆ, ದೂರೂ ಕಾಣುತ್ತದೆ. ಕಾಂಕಿ ಮಾತ್ರ ಮುಂಬಾಗಿಲಲ್ಲಿ ಕುಳಿತಿರುತ್ತದೆ. ಹಿತ್ತಲಿಂದ ಯಾರಾದರೂ ಎಷ್ಟು ಕೂಗಿದರೂ ಅದಕ್ಕೆ ಸಂಬಂಧವಿಲ್ಲ. ಕೂಗು ಹೋಗಿ ಮನೆಯ ಫೋಲ್ಡರಿನಲ್ಲಿ ಅಡಗಿರುವ ಎಕ್ಸ್‌ಸೆಷನ್-ಎರರ್ಸ್ ಎಂಬ ಕಡತದಲ್ಲಿ ಬೀಳುತ್ತದೆ. ಅದನ್ನು ತೆರೆದು ನೋಡುವ ಪದ್ಧತಿ ಯಾರಿಗೂ ಇಲ್ಲ. ನನ್ನ ಉದ್ಯೋಗ ಇದೇ ಆದರೂ, ಬಹಳ ಮಂದಿ ಇಂಜಿನಿಯರುಗಳು ಅದನ್ನು ತೆರೆದದ್ದು ನಾನು ಕಂಡಿಲ್ಲ.

ಭಾನುವಾರ ಹೋದೆ. ಮೊದಲು ಮಾಡಿದ ಕೆಲಸ ಜರಡಿ ತೆಗೆದದ್ದು. ಗ್ರೆಪ್ ತನಗೆ ಬೇಕಾದ ಶಬ್ದ ಇರುವ ಸಾಲನ್ನಷ್ಟೇ ಬಿಡುತ್ತದೆ. ತಪ್ಪು ಏನೆಂದು ಹೇಳುವ ಸಾಲಿನಲ್ಲಿ ಆ ಶಬ್ದ ಇರುವುದಿಲ್ಲ. ಅದನ್ನು ತೆಗೆದು, ಆಜ್ಞೆಯ ಕೊನೆಗೆ 2>&1 ಎಂದು ಬರೆದೆ. ಹಿತ್ತಲ ಬಾಗಿಲಿನ ಮಾತನ್ನೂ ಮುಂಬಾಗಿಲಿಗೆ ಕಳಿಸು ಎಂದು ಅದರ ಅರ್ಥ. ಜರಡಿ ಇರುವಾಗಲೇ ಕೊನೆಗೆ ಇದನ್ನು ಬರೆದರೆ ಜರಡಿಯ ದೂರು ಮಾತ್ರ ಬರುತ್ತದೆ, ಹಿಂದಿನ ಆಜ್ಞೆಯದು ಬರುವುದಿಲ್ಲ. ಅದಕ್ಕೆ ಈ ಕ್ರಮ.

ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದೆವು. ತಿಂಗಳುಗಟ್ಟಲೆ ಮೂಕವಾಗಿದ್ದ ಸಾಲು ಮಾತಾಡಿತು: ಸುಡೊಗೆ ಪಾಸ್‌ವರ್ಡ್ ಕೇಳಲು ಟರ್ಮಿನಲ್ ಬೇಕು, ಇಲ್ಲಿ ಇಲ್ಲ. ಮಾಸ್ತರರು ಕೈಲೆ ಚಾಲೂ ಮಾಡಿದಾಗ ಯಾಕೆ ಬರುತ್ತಿತ್ತು ಎನ್ನುವುದೂ ಅಲ್ಲಿಗೇ ಬಗೆಹರಿಯಿತು. ಅವರು ಟರ್ಮಿನಲ್ಲಿನಲ್ಲಿ ಮೊದಲು ಸುಡೊ ಆಜ್ಞೆ ಕೊಟ್ಟು, ಪಾಸ್‌ವರ್ಡ್ ಹಾಕಿ, ಸರಿಯಾಗಿದೆ ಎಂದು ನೋಡಿ, ಅಲ್ಲಿಂದಲೇ ಕಾಂಕಿ ಎಬ್ಬಿಸುತ್ತಿದ್ದರು. ಸುಡೊ ಆ ಟರ್ಮಿನಲ್ಲಿನ ಮಟ್ಟಿಗೆ ಪಾಸ್‌ವರ್ಡನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಮುಂಜಾನೆ ತಾನಾಗಿ ಏಳುವ ಕಾಂಕಿಗೆ ಆ ಸಲಿಗೆ ಇಲ್ಲ.

ಸುಡೊ ತೆಗೆದೆವು. ಆಗ ಇನ್ನೊಂದು ದೂರು: ಸ್ಮಾರ್ಟ್‌ಸಿಟಿಎಲ್ ಎಂಬುದು ಸಿಗಲಿಲ್ಲ. ಮಾಸ್ತರರು ನಕ್ಕರು, ‘ಈಗರ ಇತ್ತಲ್ರಿ!’ ಇತ್ತು, ಈಗಲೂ ಇದೆ. ಹೊಸ ಪೋಸ್ಟಮನ್‌ಗೆ ಊರಿನ ನಾಲ್ಕು ಓಣಿಯ ಹೆಸರು ಬರೆದುಕೊಟ್ಟು ಇಷ್ಟರಲ್ಲಿಯೇ ಹುಡುಕು ಎಂದರೆ, ಐದನೆಯ ಓಣಿಯ ಮನೆ ಅವನ ಪಾಲಿಗೆ ಇಲ್ಲವೇ ಇಲ್ಲ. ಕಂಪ್ಯೂಟರಿನಲ್ಲಿ ಓಣಿಗಳ ಆ ಚೀಟಿಗೆ ಪಾತ್ ಎನ್ನುತ್ತಾರೆ. ಡೆಬಿಯನ್‌ನಲ್ಲಿ ಸಾಮಾನ್ಯ ಬಳಕೆದಾರನ ಚೀಟಿಯಲ್ಲಿ ‘ಯುಎಸ್ಆರ್’ ಒಳಗಿನ ‘ಎಸ್‌ಬಿನ್’ ಇರುವುದಿಲ್ಲ. ಸ್ಮಾರ್ಟ್‌ಸಿಟಿಎಲ್ ಇರುವುದು ಅಲ್ಲಿ. ಸುಡೊ ತನ್ನದೇ ಬೇರೆ ಚೀಟಿ ಇಟ್ಟುಕೊಂಡಿರುತ್ತದೆ, ಅದರಲ್ಲಿ ಈ ಓಣಿ ಇದೆ. ತಮ್ಮ ಬ್ಯಾಶ್‌ಆರ್‌ಸಿ ಕಡತದಲ್ಲಿ ಹೊಸ ಓಣಿ ಸೇರಿಸಿ ಆಯಿತು ಎಂದುಕೊಳ್ಳುವವರೂ ಇದ್ದಾರೆ. ಅದನ್ನು ಓದುವುದು ಟರ್ಮಿನಲ್ಲು, ಪರದೆ ಏಳುವಾಗ ಏಳುವ ಕಾಂಕಿ ಅಲ್ಲ. ಇದಕ್ಕೆ ಪೂರ್ತಿ ವಿಳಾಸ ಬರೆಯುವುದೇ ಮದ್ದು.

ಪೂರ್ತಿ ವಿಳಾಸ ಬರೆದೆವು. ಮೂರನೆಯ ದೂರು: ಡಿಸ್ಕನ್ನು ತೆರೆಯಲು ಅನುಮತಿ ಇಲ್ಲ. ಇದು ನ್ಯಾಯವಾದ ದೂರು. ಡಿಸ್ಕನ್ನು ನೇರವಾಗಿ ಮುಟ್ಟುವ ಅಧಿಕಾರ ಎಲ್ಲರಿಗೂ ಕೊಡಬಾರದು. ಕೆಲವರು ಇಲ್ಲಿ ಬೇಸತ್ತು ಕಾಂಕಿಯನ್ನೇ ಯಜಮಾನನ ಅಧಿಕಾರದಿಂದ ನಡೆಸಿಬಿಡುತ್ತಾರೆ. ಎಂಬತ್ತು ಮಕ್ಕಳು ಕೈಯಾಡಿಸುವ ಪ್ರಯೋಗಾಲಯದಲ್ಲಿ ಅದು ತಿಜೋರಿಯ ಕೀಲಿಯನ್ನು ಬಾಗಿಲಿಗೆ ತೂಗುಹಾಕಿದಂತೆ. ನಾನು ಒಪ್ಪಲಿಲ್ಲ.

ಬೇರೆ ದಾರಿ ಮಾಡಿದೆವು. ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸುವ ‘ಕ್ರಾನ್’ ಇದೆ. ಯಜಮಾನನ ಕ್ರಾನ್ ಅರ್ಧ ತಾಸಿಗೊಮ್ಮೆ ಡಿಸ್ಕನ್ನು ವಿಚಾರಿಸಿ ಉತ್ತರವನ್ನು ಒಂದು ಕಡತಕ್ಕೆ ಬರೆಯುತ್ತದೆ. ಕಾಂಕಿ ಆ ಕಡತವನ್ನು ಓದುತ್ತದೆ ಅಷ್ಟೇ, ಅದಕ್ಕೆ ಯಾರ ಅನುಮತಿಯೂ ಬೇಡ. ಜೊತೆಗೆ ‘ಎಕ್ಸೆಕ್’ ಬದಲು ‘ಎಕ್ಸೆಕ್‌ಐ’ ಹಾಕಿ ಎಷ್ಟು ಸೆಕೆಂಡಿಗೊಮ್ಮೆ ಓದಬೇಕೆಂದು ಹೇಳಿದೆವು. ಬರೀ ‘ಎಕ್ಸೆಕ್’ ಆದರೆ ಪರದೆ ಹೊಸದಾದಾಗಲೆಲ್ಲ ಆಜ್ಞೆ ಓಡುತ್ತದೆ, ಹಳೆಯ ಯಂತ್ರಕ್ಕೆ ಸುಮ್ಮನೆ ಹೊರೆ. ಒಂದು ಎಚ್ಚರ ಇಟ್ಟೆವು: ಕಡತದಲ್ಲಿ ಉತ್ತರದ ಜೊತೆ ತಾರೀಖು, ವೇಳೆಯನ್ನೂ ಬರೆಸಿದೆವು. ಯಾಕೆಂದರೆ ನಾಳೆ ಕ್ರಾನ್ ನಿಂತುಹೋದರೆ ಹಳೆಯ ಉತ್ತರವೇ ಪರದೆಯ ಮೇಲೆ ಹಸಿರಾಗಿ ಕುಳಿತಿರುತ್ತದೆ. ಖಾಲಿ ಸಾಲಿಗಿಂತ ಅದು ಹೆಚ್ಚು ಮೋಸ.

ಇಷ್ಟಾದ ಮೇಲೆ ಡಿಸ್ಕು ಕೊನೆಗೂ ಬಾಯಿ ಬಿಟ್ಟಿತು. ಒಟ್ಟು ಫಲಿತಾಂಶ ‘ಪಾಸ್’. ಮಾಸ್ತರರ ಮುಖ ಅರಳಿತು. ನಾನು ಪೂರ್ತಿ ಕೋಷ್ಟಕ ತೆಗೆಸಿದೆ. ಶಾಲೆಯಲ್ಲಿ ನಾವು ಪ್ರಗತಿ ಪತ್ರದಲ್ಲಿ ‘ತೇರ್ಗಡೆ’ ಎಂಬುದೊಂದನ್ನೇ ಓದಿ ಮನೆಯಲ್ಲಿ ಹೇಳುತ್ತಿದ್ದೆವಲ್ಲ, ಗಣಿತದ ಅಂಕ ನಮ್ಮ ತಂದೆ ಕೇಳಿದ ಮೇಲೆಯೇ ಹೊರಬರುತ್ತಿತ್ತು. ಹಾಗೆ. ಕೋಷ್ಟಕದಲ್ಲಿ 197ನೆಯ ಬಾಬು ಒಂದಿದೆ: ಓದಲು ಬಾರದೆ, ತೀರ್ಮಾನಕ್ಕಾಗಿ ಕಾಯುತ್ತಿರುವ ತುಣುಕುಗಳ ಲೆಕ್ಕ. ಅದು ಸೊನ್ನೆ ಇರಬೇಕು. ಇಲ್ಲಿ ಎರಡಂಕಿ ಇತ್ತು. ಚಹಾ ಕುಡಿದು ಬಂದು ನೋಡಿದಾಗ ಇನ್ನೂ ಏರಿತ್ತು.

ಆಮೇಲೆ ಮಾತು ಕಡಿಮೆ, ಕೆಲಸ ಹೆಚ್ಚು. ಪೇಟೆಯಿಂದ ಹೊಸ ಡಿಸ್ಕು ತರಿಸಿದೆವು. ಮೊದಲು ಹಾಡು, ಆಮೇಲೆ ಉಳಿದದ್ದು ಎಂದು ನಕಲು ಹಚ್ಚಿದೆವು. ತೀರಿಹೋದವರ ಹಾಡುಗಳನ್ನು ಎಲ್ಲಕ್ಕಿಂತ ಮುಂಚೆ ತೆಗೆಯಿರಿ ಎಂದು ಮಾಸ್ತರರು ಒಂದು ಪಟ್ಟಿ ಬರೆದುಕೊಟ್ಟರು. ರಾತ್ರಿ ಹತ್ತರವರೆಗೂ ನಡೆಯಿತು. ಒಂದು ಕಡತದ ಹತ್ತಿರ ಬಂದು ಬಹಳ ಹೊತ್ತು ನಿಂತಿತು. ಎಂಬತ್ತು ದಾಟಿದ ಅಜ್ಜಿಯೊಬ್ಬಳ ಬೀಸುವ ಹಾಡು ಅದು. ಅವಳೂ ಆ ಪಟ್ಟಿಯಲ್ಲಿದ್ದಳು. ಅದರ ಕೊನೆಯ ಎರಡು ನಿಮಿಷ ಬರಲಿಲ್ಲ. ಉಳಿದದ್ದೆಲ್ಲ ಬಂತು. ಹಳೆಯ ಡಿಸ್ಕು ಮೂರು ವಾರದ ನಂತರ ಪೂರ್ತಿ ಸುಮ್ಮನಾಯಿತು ಎಂದು ಮಾಸ್ತರರು ಫೋನ್ ಮಾಡಿ ತಿಳಿಸಿದರು.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ, ಇದು ಕನ್ನಡದ್ದು. ಮಾಸ್ತರರಿಗೆ ಪರದೆಯ ಸುದ್ದಿ ಕನ್ನಡದಲ್ಲಿಯೇ ಬರಬೇಕೆಂಬ ಹಟ. ಒಳ್ಳೆಯ ಹಟ. ಹೊಸ ಡಿಸ್ಕಿಗೆ ಕನ್ನಡ ವಾಕ್ಯಗಳನ್ನು ಬರೆಸಿದರೆ ಅರ್ಧಕ್ಕೇ ಕತ್ತರಿಸಿ ಹೋಗುತ್ತಿತ್ತು. ಇಂಗ್ಲಿಷಿನಲ್ಲಿ ಬರೆದರೆ ಪೂರ್ತಿ ಬರುತ್ತಿತ್ತು. ‘ಕನ್ನಡದ ಮ್ಯಾಲ ಇದಕ್ಕೇನ ಸಿಟ್ಟ ಐತೇನ್ರಿ?’ ಎಂದರು. ಸಿಟ್ಟಲ್ಲ, ಲೆಕ್ಕ. ಕಾಂಕಿ ಒಂದು ಆಜ್ಞೆಯ ಉತ್ತರಕ್ಕೆ ಇಡುವ ಬುಟ್ಟಿ ಮೊದಲಿಗೆ 256 ಬೈಟಿನದು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು. ಕನ್ನಡದಲ್ಲಿ ಕಾಗುಣಿತದ ಪ್ರತಿಯೊಂದು ಗುರುತಿಗೂ ಮೂರು ಮೂರು ಬೈಟು. ನಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳಿ: ಕ, ಔತ್ವ, ಜ, ಲ, ಗ, ಗುಡಿಸು, ಹೀಗೆ ಆರು ಗುರುತು, 18 ಬೈಟು. ಇಂಗ್ಲಿಷಿನಲ್ಲಿ ಒಂಬತ್ತು ಅಕ್ಷರ, 9 ಬೈಟು. ಕೌಜಲಗಿ ಎಂದು ಹದಿನಾಲ್ಕು ಸಲ ಒತ್ತೊತ್ತಾಗಿ ಬರೆದರೆ 252 ಆಗುತ್ತದೆ, ಹದಿನೈದನೆಯ ಸಲಕ್ಕೆ ಜಾಗವಿಲ್ಲ. ಕಾಂಕಿಯ ಸಂರಚನೆಯಲ್ಲಿ ‘ಟೆಕ್ಸ್ಟ್ ಬಫರ್ ಸೈಜ್’ ಎಂಬುದನ್ನು 2048 ಮಾಡಿದೆವು, ಸರಿಹೋಯಿತು. ಒತ್ತಕ್ಷರಗಳು ಮಾತ್ರ ನಾವು ಬಳಸಿದ ಆವೃತ್ತಿಯಲ್ಲಿ ಕೂಡಿಕೊಳ್ಳದೆ ಬಿಡಿಬಿಡಿಯಾಗಿಯೇ ಬಿದ್ದವು. ಗುಬ್ಬಿ, ನವಿಲು ಎರಡೂ ಫಾಂಟು ಹಾಕಿ ನೋಡಿದೆವು, ತೊಂದರೆ ಫಾಂಟಿನದಲ್ಲ, ಅಕ್ಷರ ಬಿಡಿಸುವ ಕ್ರಮದ್ದು. ಮಾಸ್ತರರು ಸೋಲಲಿಲ್ಲ. ಒತ್ತಕ್ಷರವೇ ಇಲ್ಲದ ಮಾತು ಹುಡುಕಿ ‘ಗಟಿಮುಟ’ ಎಂದು ಬರೆಯಲು ಹೊರಟಿದ್ದರು. ಮಕ್ಕಳೇ ನಕ್ಕು ‘ಆರಾಮ ಐತಿ’ ಎಂದು ಬರೆಸಿದರು. ಈಗ ಆ ಪರದೆಯ ಮೇಲೆ ತಾರೀಖು, ವೇಳೆ, ಮುಂದೆ ‘ಆರಾಮ ಐತಿ’ ಎಂದೇ ಬರುತ್ತದೆ. 197ನೆಯ ಬಾಬು ಸೊನ್ನೆಯಿಂದ ಒಂದಕ್ಕೆ ಏರಿದರೆ ‘ಮಾಸ್ತರನ ಕರೀರಿ’ ಎಂದು ಬರುತ್ತದೆ.

ಆ ಹಾಡುಗಳ ಇನ್ನೊಂದು ಪ್ರತಿಯನ್ನು ಮಾಸ್ತರರ ಒಪ್ಪಿಗೆ ಪಡೆದು ನಿನ್ನೆ ಸಂಜೆ ನಮ್ಮ ಶಾಲೆಯ ಪ್ರಯೋಗಾಲಯದ ಎರಡನೆಯ ನಂಬರಿನ ಕಂಪ್ಯೂಟರಿಗೆ ಹಾಕಿದ್ದೇನೆ. ಊಟ ಆದ ಮೇಲೆ ಕೇಳುವವರು ಬರಬೇಕು. ಕೆಲವು ಹಾಡಿನ ಮುಂದೆ ಹಾಡಿದವರ ಊರು ಬರೆದಿಲ್ಲ. ದನಿ ಕೇಳಿ ಗುರುತು ಹಿಡಿಯಬಲ್ಲ ಹಿರಿಯ ತಾಯಂದಿರು ಇಲ್ಲಿ ಇದ್ದೀರಿ. ಹತ್ತನೆಯ ತರಗತಿಯ ಇಬ್ಬರು ಹುಡುಗಿಯರು ವಹಿ ಹಿಡಿದು ಅಲ್ಲಿ ಕುಳಿತಿರುತ್ತಾರೆ, ನೀವು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ.