ಓದುಗನ ಅಳತೆಗೆ ಒಗ್ಗದ ಪುಸ್ತಕ

(ಸಂಘದ ವಾಚನಾಲಯದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಹೊರನಾಡಿನ ನಮ್ಮ ಮಕ್ಕಳು ಕನ್ನಡ ಓದುವುದಿಲ್ಲವೆಂಬ ದೂರು ನಮ್ಮ ಸಭೆಗಳಲ್ಲಿ ತಪ್ಪದೆ ಕೇಳಿಬರುತ್ತದೆ. ತಪ್ಪನ್ನು ಮಕ್ಕಳ ಮೇಲೆ ಹೊರಿಸುವ ಮುನ್ನ, ಅವರ ಕೈಗೆ ನಾವು ಇಡುತ್ತಿರುವ ಪುಸ್ತಕವನ್ನೊಮ್ಮೆ ತೆರೆದು ನೋಡಬೇಕೆಂದು ನನ್ನ ವಿನಂತಿ.

ಮುಂಬಯಿಯಲ್ಲೋ ದೆಹಲಿಯಲ್ಲೋ ಬೆಳೆಯುತ್ತಿರುವ ಮಗುವಿಗೆ ಎರಡು ವಯಸ್ಸುಗಳಿರುತ್ತವೆ. ಬುದ್ಧಿಗೆ 12 ವರ್ಷ, ಕನ್ನಡದ ಅಕ್ಷರಕ್ಕೆ 6 ವರ್ಷ. ಶಾಲೆಯಲ್ಲಿ ಅದು ಇಂಗ್ಲಿಷಿನಲ್ಲಿ ಗ್ರಹಣವನ್ನೂ ಬೀಜಗಣಿತವನ್ನೂ ಓದುತ್ತದೆ. ಮನೆಯಲ್ಲಿ ನಿರರ್ಗಳವಾಗಿ ಕನ್ನಡ ಮಾತಾಡುತ್ತದೆ. ಒತ್ತಕ್ಷರ ಕಂಡೊಡನೆ ತಡವರಿಸುತ್ತದೆ. ಅಕ್ಷರಕ್ಕೆ ಹೊಂದುವ ಪುಸ್ತಕ ಕೊಟ್ಟರೆ ಅಲ್ಲಿ ಕಾಗಕ್ಕ, ಗುಬ್ಬಕ್ಕ. ಬುದ್ಧಿಗೆ ಹೊಂದುವ ಪುಸ್ತಕ ಕೊಟ್ಟರೆ ಮೊದಲ ಪುಟದಲ್ಲೇ ‘ದ್ಯುತಿಸಂಶ್ಲೇಷಣೆ’. ಮೊದಲನೆಯದು ಅವಮಾನ, ಎರಡನೆಯದು ಆಯಾಸ. ಕನ್ನಡವು ಶಿಶುಗಳ ಭಾಷೆ, ಇಲ್ಲವೆ ಅಜ್ಜಂದಿರ ಭಾಷೆ, ತನ್ನದಲ್ಲವೆಂದು ಮಗು ಅಲ್ಲೇ ತೀರ್ಮಾನಿಸಿಬಿಡುತ್ತದೆ.

ನಮ್ಮ ಹಿರಿಯರಿಗೆ ಓದುಗನ ಅರಿವಿತ್ತು. ಬ್ರೌನಿಂಗ್ ಕವಿಯ ಹ್ಯಾಮಲಿನ್ ಪಟ್ಟಣವನ್ನು ಕುವೆಂಪು ಅವರು ಬೊಮ್ಮನಹಳ್ಳಿಯನ್ನಾಗಿಸಿದರು; ಇಲಿಗಳ ಕಾಟ ಕನ್ನಡದ ಮಗುವಿಗೆ ತನ್ನೂರಿನದೇ ಎನಿಸಿತು. 1936ರಲ್ಲಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ತಂದ ಶಿವರಾಮ ಕಾರಂತರು ಮಕ್ಕಳ ಕುತೂಹಲವನ್ನು ಕಿರಿದೆಂದು ಬಗೆಯಲಿಲ್ಲ. ಆದರೆ ಅವರ ಕಣ್ಣೆದುರಿಗಿದ್ದುದು ಕನ್ನಡ ಶಾಲೆಯ ಮಗು. ಹೊರನಾಡಿನ ಮಗುವನ್ನು ಕಣ್ಣೆದುರಿಗಿಟ್ಟು ಬರೆದ ಪುಸ್ತಕಗಳು ಇಂದಿಗೂ ವಿರಳ.

ಇದಕ್ಕೆ ವ್ಯವಹಾರದ ಕಾರಣವೂ ಇದೆ. ಕನ್ನಡದ ಅನೇಕ ಪ್ರಕಾಶಕರು ಕರ್ನಾಟಕದ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನೆಚ್ಚಿದ್ದಾರೆ. ಅಲ್ಲಿ ಆಯ್ಕೆ ಸಮಿತಿಯ ಹಿರಿಯರು ಮೆಚ್ಚಿದರೆ ಸಾಕು. ಮಗುವಿನ ಮೆಚ್ಚುಗೆ ಲೆಕ್ಕಕ್ಕೆ ಬಾರದು. ನಾವಾದರೂ ರಾಜ್ಯೋತ್ಸವದ ಬಹುಮಾನಕ್ಕೆಂದು ರಿಯಾಯಿತಿ ದರದ ಕಟ್ಟುಗಳನ್ನು ತರಿಸುತ್ತೇವೆ. ವಿಜೇತರ ಹೆಸರು ಬರೆದ ಪುಸ್ತಕ ನೇರವಾಗಿ ಕಪಾಟು ಸೇರುತ್ತದೆ.

ಆದ್ದರಿಂದ ನನ್ನವು ಎರಡು ಸಲಹೆಗಳು. ಪುಸ್ತಕ ಕೊಳ್ಳುವ ಮೊದಲು ಸಂಘದ ನಾಲ್ಕಾರು ಮಕ್ಕಳಿಂದ ಎರಡು ಪುಟ ಓದಿಸೋಣ. ಯಾರೂ ಹೇಳದೆಯೇ ಅವರು ಮೂರನೆಯ ಪುಟಕ್ಕೆ ತಿರುಗಿಸಿದರೆ ಆ ಪುಸ್ತಕ ನಮ್ಮದು. ಎರಡನೆಯದಾಗಿ, ನಮ್ಮ ಲೇಖಕರಿಂದಲೇ ಬರೆಯಿಸೋಣ: ವಾಕ್ಯ ಚಿಕ್ಕದಿರಲಿ, ಅಕ್ಷರ ದಪ್ಪಗಿರಲಿ, ವಿಷಯ ಮಾತ್ರ ಬೆಳೆದ ಬುದ್ಧಿಗೆ ತಕ್ಕುದಾಗಿರಲಿ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಮುಂಬಯಿ ಕನ್ನಡಿಗರ ಬಾಳಿಗಿಂತ ಒಳ್ಳೆಯ ಕಥಾವಸ್ತು ಬೇಕೆ?

ಈ ವರ್ಷದ ಖರೀದಿಯ ಪಟ್ಟಿ ಇನ್ನೂ ಅಂತಿಮವಾಗಿಲ್ಲ. ಅದಕ್ಕೆ ಸಹಿ ಬೀಳುವ ಮೊದಲು ಪುಸ್ತಕಗಳು ಒಂದು ವಾರ ಮಕ್ಕಳ ಕೈಯಲ್ಲಿರಲಿ.